ಪದ್ಯದ ಅರ್ಥ ಕೇಳಬೇಡಿ

ಪ್ರಶ್ನೆ: ಮಗಳಿಗೆ 5 ವರ್ಷ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಇಂಗ್ಲಿಷ್ ಶಾಲೆ. ರಾತ್ರಿ ಕನ್ನಡ ಪದ್ಯ ಹೇಳಿಕೊಟ್ಟು, ಸಾಲು ಸಾಲಿಗೂ ಅರ್ಥ ಬಿಡಿಸುತ್ತೇನೆ. ಎರಡು ಸಾಲಿಗೇ ಎದ್ದು ಓಡುತ್ತಾಳೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ‘ಅರ್ಥ ಬಿಡಿಸುತ್ತೇನೆ’ ಅನ್ನುವ ಮಾತೂ ಅದರ ಜೊತೆಗೇ ಬರುತ್ತದೆ. ನೋಡಿ ಅಮ್ಮಾ, ಅವಳು ಓಡುವುದು ಪದ್ಯಕ್ಕಲ್ಲ, ನಿಮ್ಮ ಪಾಠಕ್ಕೆ. ‘ಅವಲಕ್ಕಿ ಪವಲಕ್ಕಿ ಕಾಂಚನ ಮಿಣಮಿಣ’ ಆಡುವಾಗ ನಿಮಗೆ ಯಾರಾದರೂ ಅರ್ಥ ಹೇಳಿದ್ದರಾ? ನೆಲದ ಮೇಲೆ ಅಂಗೈ ಇಟ್ಟುಕೊಂಡು, ‘ಕೊಯ್ ಕೊಟಾರ್’ ಯಾರ ಕೈ ಮೇಲೆ ಬೀಳುತ್ತದೆ ಅಂತ ಕಾಯುತ್ತಿದ್ದಿರಿ, ಅಷ್ಟೇ ಅಲ್ವಾ? ಪದ್ಯ ಮೊದಲು ಕಿವಿಗೆ, ಕೈಗೆ. ಅರ್ಥ ಆಮೇಲೆ ತಾನಾಗಿ ಬರುತ್ತದೆ.

ಇವತ್ತು ಪುಸ್ತಕ ಮುಚ್ಚಿಡಿ. ಚಪ್ಪಾಳೆ ಹೊಡೆಯುತ್ತಾ ‘ಆನೆ ಬಂತೊಂದಾನೆ’ ಶುರು ಮಾಡಿ. ‘ಯಾವೂರ ಆನೆ?’ ಅಂತ ನೀವು ಕೇಳಿ, ‘ಬಿಜಾಪುರದ ಆನೆ’ ಅಂತ ಅವಳು ಹೇಳಲಿ. ಬಾಯಿಗೆ ಕೂತ ಮೇಲೆ ಊರು ಬದಲಾಯಿಸಿ. ಆನೆ ಕುರ್ಲಾದ್ದಾಗಲಿ, ಠಾಣೆಯದಾಗಲಿ. ‘ಇಲ್ಲಿಗ್ಯಾಕೆ ಬಂತು?’ ಅಂದರೆ ‘ಹಾದಿ ತಪ್ಪಿ ಬಂತು’ ಅನ್ನುವುದು ಹಳೆಯ ಸಾಲು. ಮುಂಬೈ ಮಗು ‘ಲೋಕಲ್ ತಪ್ಪಿ ಬಂತು’ ಅನ್ನಬಹುದು. ಆಗ ಚಪ್ಪಾಳೆ ಸ್ವಲ್ಪ ಎಡವುತ್ತದೆ. ‘ಗಾಡಿ ತಪ್ಪಿ ಬಂತು’ ಅಂದು ನೋಡಿ, ಸರಿಯಾಗಿ ಕೂರುತ್ತದೆ. ಹಾದಿಗೂ ಗಾಡಿಗೂ ಮೂರೇ ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ), ಲೋಕಲ್‌ಗೆ ನಾಲ್ಕು. ಈ ಲೆಕ್ಕವನ್ನು ಮಗುವಿಗೆ ಹೇಳಲೇಬೇಡಿ. ಎರಡನ್ನೂ ಹೇಳಿ ಬಿಟ್ಟುಬಿಡಿ, ಅವಳ ಕಿವಿಯೇ ಆರಿಸಿಕೊಳ್ಳಲಿ. ತಪ್ಪಾದದ್ದನ್ನೇ ಆರಿಸಿದರೂ ಸುಮ್ನಿರಿ.

ಮಳೆಗಾಲದಲ್ಲಿ ಕಿಟಕಿ ಹತ್ತಿರ ನಿಂತು ‘ಹುಯ್ಯೋ ಹುಯ್ಯೋ ಮಳೆರಾಯ’ ಹೇಳಿ. ಪಕ್ಕದ ಮನೆಯ ಮಗು ‘ಯೇ ರೇ ಯೇ ರೇ ಪಾವಸಾ, ತುಲಾ ದೇತೋ ಪೈಸಾ’ ಅನ್ನುತ್ತದಲ್ಲ, ಅದನ್ನೂ ಸೇರಿಸಿಕೊಳ್ಳಿ. ಮರಾಠಿ ಬಂದರೆ ಕನ್ನಡ ಓಡಿಹೋಗುವುದಿಲ್ಲ. ಇನ್ನೆರಡು ವರ್ಷ ಆದ ಮೇಲೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಓದಿ. ಅದು ಉದ್ದದ್ದು, ಒಂದೇ ರಾತ್ರಿ ಮುಗಿಸಬೇಡಿ. ಇಲಿಗಳು ಜೋಗಿಯ ಹಿಂದೆ ಹೊರಟ ಕಡೆ ನಿಲ್ಲಿಸಿ. ಮರುದಿನ ಪುಸ್ತಕವನ್ನು ಅವಳೇ ತರುತ್ತಾಳೆ.

ಪ್ರಶ್ನೆ: ನೆಂಟರು ಬಂದಾಗ ಮಗ ಪದ್ಯ ಹೇಳುವುದೇ ಇಲ್ಲ.

ಉತ್ತರ: ಹೇಳಿಸಬೇಡಿ.

ಪ್ರಶ್ನೆ: 9 ವರ್ಷದ ಮಗನಿಗೆ ತಾನೇ ಬರೆಯುವ ಆಸೆ.

ಉತ್ತರ: ಚುಟುಕದಿಂದ ಶುರುವಾಗಲಿ, ನಾಲ್ಕೇ ಸಾಲು. ‘ಚುಟುಕ ಬ್ರಹ್ಮ’ ಅನ್ನಿಸಿಕೊಂಡ ದಿನಕರ ದೇಸಾಯಿ (1909–1982) ಇದೇ ಮುಂಬೈಯಲ್ಲಿ ಹಡಗು ಕಾರ್ಮಿಕರಿಗಾಗಿ ದುಡಿದವರು ಅಂತ ಹೇಳಿ, ಅವರ ನಾಲ್ಕು ಚುಟುಕ ಓದಿಸಿ. ಮಗ ಬರೆದದ್ದನ್ನು ಮಾತ್ರ ತಿದ್ದಬೇಡಿ.

ಪ್ರಶ್ನೆ: ಪದ್ಯ, ಶ್ಲೋಕ ಬಾಯಿಪಾಠ ಮಾಡಿಸಿ ಮೂರು ತಿಂಗಳಲ್ಲಿ ಬುದ್ಧಿ ಚುರುಕು ಮಾಡುತ್ತೇವೆ ಅನ್ನುವ ಕ್ಲಾಸಿಗೆ ಸೇರಿಸಬಹುದೇ?

ಉತ್ತರ: ಬೇಡ. ಇದು ಹಣ ಕೀಳುವ ದಂಧೆ. ಮಗುವಿಗೆ ಪದ್ಯ ಕಂಡರೇ ಬೇಸರ ಬರುತ್ತದೆ, ಆ ನಷ್ಟ ಫೀಸಿಗಿಂತ ಜಾಸ್ತಿ.

ಪ್ರಶ್ನೆ: ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಹಿಂದಿ. ಅದಕ್ಕೇ ಎರಡು ವರ್ಷದ ಮಗುವಿಗೆ ಮಾತು ತಡವಾಗಿದೆ, ಕನ್ನಡ ಬಿಡಿ ಅನ್ನುತ್ತಾರೆ.

ಉತ್ತರ: ಸುಳ್ಳು. ಎರಡು ಮೂರು ಭಾಷೆ ಕೇಳುವುದರಿಂದ ಮಾತು ನಿಲ್ಲುವುದಿಲ್ಲ. ಆದರೆ ಎರಡು ತುಂಬಿದರೂ ‘ಅಮ್ಮ ಬಾ’ ಅನ್ನುವಷ್ಟು ಎರಡು ಪದ ಜೋಡಿಸದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಅಂತ ಕಾಯುತ್ತಾ ಕೂರಬೇಡಿ.