ಸನ್ಯಾಸಿಯೊಬ್ಬ ಸಂಸ್ಥಾನವನ್ನು ಆಳಿದ ಬಗೆ

ಪ್ರಶ್ನೆ: ಮಧ್ಯಯುಗದ ಜರ್ಮನ್ ನಾಡುಗಳಲ್ಲಿ ಕೆಲವು ಮಠಾಧಿಪತಿಗಳು ಅರಸರಂತೆ ಆಳುತ್ತಿದ್ದರೆಂದು ಓದಿದ್ದೇನೆ. ಸ್ವಂತ ಆಸ್ತಿಯನ್ನು ತೊರೆದ ಸನ್ಯಾಸಿಗೆ ಇದು ಹೇಗೆ ಸಾಧ್ಯವಾಯಿತು? ದಯವಿಟ್ಟು ಒಂದು ಉದಾಹರಣೆಯೊಂದಿಗೆ ತಿಳಿಸಿ.

ಉತ್ತರ: ಸಂತ ಬೆನೆಡಿಕ್ಟನ ನಿಯಮವನ್ನು ಪಾಲಿಸುವ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿ ತನ್ನದೆಂದು ಏನನ್ನೂ ಇಟ್ಟುಕೊಳ್ಳುವಂತಿರಲಿಲ್ಲ, ಆದರೆ ಮಠಕ್ಕೆ ಭೂಮಿ, ಕಂದಾಯ ಮತ್ತು ನ್ಯಾಯದಾನದ ಹಕ್ಕುಗಳು ಇರಬಹುದಿತ್ತು. ನಡುವೆ ಬೇರೊಬ್ಬ ಒಡೆಯನಿಲ್ಲದೆ ಈ ಹಕ್ಕುಗಳನ್ನು ನೇರವಾಗಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಿಂದಲೇ ಪಡೆದ ಕೆಲವು ಮಠಗಳ ಅಧಿಪತಿಗಳಿಗೆ ಸಾಮ್ರಾಜ್ಯದ ರಾಜರ ಸಾಲಿನಲ್ಲಿ ಸ್ಥಾನ ದೊರೆಯುತ್ತಿತ್ತು. ಇಂದು ಸ್ವಿಟ್ಜರ್ಲೆಂಡಿಗೆ ಸೇರಿರುವ ಸೇಂಟ್ ಗಾಲೆನ್ ಮಠ ಅಂಥದ್ದು. ಅದರ ಅಧಿಪತಿಗಳ ಪೈಕಿ ಉಲ್ರಿಖ್ ರೋಶ್‌ನ ಆಳ್ವಿಕೆ ನಿಮ್ಮ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರವೆಂದು ನನಗೆ ಅನಿಸುತ್ತದೆ.

ಉಲ್ರಿಖ್ 1426ರಲ್ಲಿ ದಕ್ಷಿಣ ಜರ್ಮನಿಯ ವಾಂಗೆನ್ ಪಟ್ಟಣದಲ್ಲಿ ಬ್ರೆಡ್ ಸುಡುವವನ ಮಗನಾಗಿ ಹುಟ್ಟಿದನು. ಮಠದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮುಂದೆ ಸನ್ಯಾಸಿಯಾಗಿ, 1457ರಲ್ಲಿ ಮಠದ ಆಡಳಿತವನ್ನು ವಹಿಸಿಕೊಂಡು, 1463ರಲ್ಲಿ ಅಧಿಪತಿಯಾದನು. ಕುಲೀನರಿಗೇ ಮೀಸಲೆಂಬಂತಿದ್ದ ಪೀಠವನ್ನು ಇಂಥವನು ಏರಿದ್ದು ಸಣ್ಣ ಸಂಗತಿಯಲ್ಲ.

ಅವನ ಬಲ ಸೈನ್ಯದಲ್ಲಿರಲಿಲ್ಲ, ಲೆಕ್ಕಪತ್ರ ಮತ್ತು ಕರಾರುಗಳಲ್ಲಿತ್ತು. ಚದುರಿಹೋಗಿದ್ದ ಹಕ್ಕುಗಳನ್ನು ಒಗ್ಗೂಡಿಸಿ, ಹಳ್ಳಿಗಳ ರೂಢಿಯ ಕಟ್ಟಳೆಗಳನ್ನು ಬರಹಕ್ಕಿಳಿಸಿ, 1468ರಲ್ಲಿ ಟೋಗೆನ್‌ಬುರ್ಗ್ ಸೀಮೆಯನ್ನು 14,500 ಗುಲ್ಡನ್ (ಆ ಕಾಲದ ಚಿನ್ನದ ನಾಣ್ಯ) ಕೊಟ್ಟು ಖರೀದಿಸಿದನು. ರಕ್ಷಣೆಗಾಗಿ ಸ್ವಿಸ್ ಒಕ್ಕೂಟದ ಜ್ಯೂರಿಕ್, ಲುಸರ್ನ್, ಶ್ವೀಟ್ಸ್ ಮತ್ತು ಗ್ಲಾರುಸ್ ಪ್ರಾಂತ್ಯಗಳನ್ನು ಅವಲಂಬಿಸಿದ ಅವನು, ಸರದಿಯಂತೆ ಅವುಗಳ ಒಬ್ಬ ದಳಪತಿ ತನ್ನ ನಾಡಿನಲ್ಲಿ ನೆಲೆಸುವಂತೆ 1479ರಲ್ಲಿ ಒಪ್ಪಂದ ಮಾಡಿಕೊಂಡನು.

ಆದರೆ ಮಠವಿದ್ದದ್ದು ಸೇಂಟ್ ಗಾಲೆನ್ ನಗರದ ಕೋಟೆಯೊಳಗೆ. ಆ ನಗರವೋ 1457ರಲ್ಲೇ 7,000 ಗುಲ್ಡನ್ ತೆತ್ತು ಮಠದ ಒಡೆತನದಿಂದ ಬಿಡಿಸಿಕೊಂಡಿತ್ತು. ತನ್ನ ಅಧಿಕಾರಕ್ಕೆ ಸೇರದ ಊರಿನ ಬಾಗಿಲುಗಳನ್ನೇ ಅವಲಂಬಿಸಿ ಬದುಕಬೇಕಾದ ಅರಸನ ಇಕ್ಕಟ್ಟನ್ನು ಊಹಿಸಿಕೊಳ್ಳಬಹುದು. ಅದಕ್ಕಾಗಿಯೇ ಅವನು ಕಾನ್‌ಸ್ಟನ್ಸ್ ಸರೋವರದ ದಡದ ರೋರ್ಶಾಖ್‌ನಲ್ಲಿ 1487ರಲ್ಲಿ ಹೊಸ ಮಠದ ಕಟ್ಟಡವನ್ನು ಆರಂಭಿಸಿದನು. ವ್ಯಾಪಾರವೂ ಯಾತ್ರಿಕರೂ ಕೈತಪ್ಪುವರೆಂದು ಬೆದರಿದ ನಗರದವರು ನೆರೆಯ ಅಪೆನ್‌ಜೆಲ್‌ನವರೊಡನೆ ಸೇರಿ 1489ರ ಜುಲೈ 28ರಂದು ಅದನ್ನು ಕೆಡವಿದರು. ಮುಂದೆ ಮಠದ ಪ್ರಜೆಗಳಲ್ಲೂ ಅನೇಕರು ಅವರ ಜೊತೆಗೂಡಿದರು. ಅವನ ಅಚ್ಚುಕಟ್ಟಾದ ಆಡಳಿತ ಹಳ್ಳಿಗರಿಗೆ ಎಷ್ಟು ಭಾರವಾಗಿತ್ತೆಂಬುದನ್ನು ಇದರಿಂದ ತಿಳಿಯಬೇಕು. ಅವನನ್ನು ಮಠದ ಎರಡನೆಯ ಸ್ಥಾಪಕನೆಂದು ಕೊಂಡಾಡುವಾಗ ಈ ಮಾತನ್ನು ಮರೆಯುವುದು ನ್ಯಾಯವಲ್ಲ.

1490ರಲ್ಲಿ ನಾಲ್ಕು ಪ್ರಾಂತ್ಯಗಳ ಸೈನ್ಯ ಬಂದು ಬಂಡಾಯವನ್ನು ಅಡಗಿಸಿತು. ಅಪೆನ್‌ಜೆಲ್ ರೈನ್ ಕಣಿವೆಯನ್ನು ಕಳೆದುಕೊಂಡಿತು. ಮರುವರ್ಷ ವೀಲ್ ಪಟ್ಟಣದಲ್ಲಿ ಉಲ್ರಿಖ್ ತೀರಿಕೊಂಡನು. ರೋರ್ಶಾಖ್‌ನ ಕಟ್ಟಡ ಮತ್ತೆ ಎದ್ದಿತಾದರೂ ಮಠ ಅಲ್ಲಿಗೆ ಹೋಗಲಿಲ್ಲ. ಸೇಂಟ್ ಗಾಲೆನ್‌ನಲ್ಲೇ ಉಳಿದ ಮಠಾಧಿಪತಿಗಳ ರಾಜ್ಯಾಧಿಕಾರ 1798ರಲ್ಲಿ ಕೊನೆಗೊಂಡಿತು.