ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ಏನೇನು ನೋಡಬೇಕು?

ಬೆಂಗಳೂರಿನ ವಾರ್ಡ್‌ಗಳಲ್ಲಿ ಸೆಫಲೋಸ್ಪೋರಿನ್ ಎಂಬ ಆಂಟಿಬಯೋಟಿಕ್ ಗುಂಪಿನ ಈ ಇಂಜೆಕ್ಷನ್ ಬಹಳ ಬಳಕೆಯಲ್ಲಿದೆ. ಮೊದಲು ಅಲರ್ಜಿ ವಿಚಾರಿಸಿ. "ಅಲರ್ಜಿ ಇದೆಯಾ?" ಅಂದರೆ ಸುಮ್ನೆ ಇಲ್ಲ ಅಂದುಬಿಡುತ್ತಾರೆ. "ಯಾವುದಾದರೂ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತ್ತಾ ಅಮ್ಮ, ಉಸಿರು ಕಟ್ಟಿತ್ತಾ?" ಅಂತ ಬಿಡಿಸಿ ಕೇಳಿ. ಪೆನಿಸಿಲಿನ್‌ಗೆ ಹಾಗಾಗಿದ್ದರೆ ಡಾಕ್ಟರಿಗೆ ತಿಳಿಸದೆ ಕೊಡಬೇಡಿ.

ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ಹೋಗುತ್ತಿರುವ ಲೈನಿನಲ್ಲೇ ಇದನ್ನು ಬಿಡಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುತ್ತದೆ. ದೊಡ್ಡವರಿಗಾದರೆ ಡ್ರಿಪ್ ನಿಲ್ಲಿಸಿ, ಸಲೈನ್‌ನಿಂದ ಲೈನ್ ತೊಳೆದು ಕೊಡಬಹುದು. 28 ದಿನದೊಳಗಿನ ಕೂಸಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಬೇಕಿದ್ದರೆ ಈ ಔಷಧವೇ ಬೇಡ.

ಸ್ನಾಯುವಿಗೆಂದು ಲಿಗ್ನೋಕೇನ್‌ನಲ್ಲಿ (ನೋವಾಗದಂತೆ ಮರಗಟ್ಟಿಸುವ ಔಷಧ) ಕಲಸಿದ್ದನ್ನು ರಕ್ತನಾಳಕ್ಕೆ ಯಾವತ್ತೂ ಕೊಡಬಾರದು. ಆಮೇಲೆ ನೀರು ನೀರಾಗಿ ಭೇದಿ ಶುರುವಾದರೆ, ಹೋಟೆಲ್ ಊಟದ್ದು ಅಂತ ತಳ್ಳಿಹಾಕದೆ ಡಾಕ್ಟರಿಗೆ ಹೇಳಿ.