ನರಗಳಲ್ಲಿ ಹರಿಯುವುದು ನಿಜವಾಗಲೂ ಕರೆಂಟಾ?

ಹೌದು, ಆದರೆ ಮನೆಯ ವೈರಿನಲ್ಲಿ ಹರಿಯುವಂಥದ್ದಲ್ಲ. ಇಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಕೋಶದ ಪೊರೆ ದಾಟಿ ಓಡಾಡುತ್ತವೆ. ಸುಮ್ನೆ ಇರುವಾಗ ನರಕೋಶದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತದೆ. ಏನಾದರೂ ತಾಗಿ ಅದು ಮೈನಸ್ 55ರ ಆಸುಪಾಸಿಗೆ ಏರಿದರೆ ಪೊರೆಯ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಒಳಗೆ ಪ್ಲಸ್ ಆಗುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನಂತೆ. ಇಷ್ಟಕ್ಕೆ ಒಂದೆರಡು ಮಿಲಿಸೆಕೆಂಡು ಸಾಕು! ಅಷ್ಟರಲ್ಲಿ ಪಕ್ಕದ ಬಾಗಿಲುಗಳೂ ತೆರೆದು ಸಂಕೇತ ಮುಂದೆ ಸಾಗಿರುತ್ತದೆ. ತುದಿ ತಲುಪಿದ ಮೇಲೆ ಸಾಮಾನ್ಯವಾಗಿ ರಾಸಾಯನಿಕವೊಂದು ಅದನ್ನು ಮುಂದಿನ ಕೋಶಕ್ಕೆ ದಾಟಿಸುತ್ತದೆ.

ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ಚುರುಕ್ ಅನ್ನುತ್ತದೆ, ಉರಿ ಸ್ವಲ್ಪ ತಡವಾಗಿ ಬರುತ್ತದೆ, ಅಲ್ವಾ? ಮೊದಲನೆಯದು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ನರದಲ್ಲಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಉರಿ ಬರುವುದು ಹೊದಿಕೆಯಿಲ್ಲದ ನರದಲ್ಲಿ, ಸೆಕೆಂಡಿಗೆ ಸುಮಾರು 1 ಮೀಟರ್.